ಕೊನೆಗೆ ಬಂದ ಉತ್ತರವೇ ಸರಿ ಉತ್ತರವಲ್ಲ

ಇವತ್ತಿನ ಸಂಚಿಕೇಲಿ ನನ್ನದೇ ಒಂದು ತಪ್ಪಿನ ಕಥೆ ಹೇಳ್ತೀನಿ.

ನಾನು ಓದಿದ್ದು ಬಿ.ಕಾಂ. ಕೋಡಿಂಗ್ ಕಲಿತದ್ದು ವಿಡಿಯೋ ನೋಡ್ಕೊಂಡು. ಆ ಹುಮ್ಮಸ್ಸಿನಲ್ಲಿ ಅಪ್ಪನ ಕಿರಾಣಿ ಅಂಗಡಿಯ ಸಾಲದ ಪುಸ್ತಕವನ್ನು ಬ್ರೌಸರಿಗೆ ತಂದೆ. ಗ್ರಾಹಕರ ಹೆಸರು ಟೈಪ್ ಮಾಡ್ತಾ ಹೋದ ಹಾಗೆ ಬಾಕಿ ಎಷ್ಟು ಅಂತ ತೋರಿಸುತ್ತೆ, ಅಷ್ಟೇ.

ಒಂದು ಸಂಜೆ ಅಪ್ಪ 'ಮಂಜುಳ' ಅಂತ ಟೈಪ್ ಮಾಡಿದ್ರು. ಪರದೆ ಮೇಲೆ 4,200 ರೂಪಾಯಿ ಬಂತು. "ನಂದು 350 ಅಲ್ವಾ ಅಣ್ಣ?" ಅಂದ್ರು ಆಕೆ. ಅಂಗಡೀಲಿ ನಾಲ್ಕು ಜನ ನಿಂತಿದ್ರು. ಅಪ್ಪ ಕಂಪ್ಯೂಟರನ್ನೇ ನಂಬಿದ್ರು. ರಾತ್ರಿ ಹಳೇ ಪುಸ್ತಕ ತೆಗೆದು ನೋಡಿದ್ರೆ ಆಕೆ ಹೇಳಿದ್ದೇ ಸರಿ. 4,200 ಮಂಜುನಾಥ್ ಅನ್ನೋರ ಬಾಕಿ.

ಆಗಿದ್ದೇನು? 'ಮಂಜು' ತನಕ ಟೈಪ್ ಆದಾಗ ಸರ್ವರಿಗೆ ಒಂದು ವಿನಂತಿ ಹೋಯ್ತು. 'ಮಂಜುಳ' ಆದಾಗ ಇನ್ನೊಂದು. ಎರಡನೆಯದಕ್ಕೆ ಉತ್ತರ ಬೇಗ ಬಂತು, 350 ಅಂತ ತೋರಿಸ್ತು. ಆಮೇಲೆ ಮೊದಲನೆಯದರ ಉತ್ತರ ನಿಧಾನಕ್ಕೆ ಬಂದು ಅದನ್ನ ಅಳಿಸಿ ಕೂತ್ಕೊಂಡ್ತು. ಬಾಕಿ ಪಕ್ಕದಲ್ಲಿ ಖಾತೆಯ ಹೆಸರನ್ನೂ ನಾನು ತೋರಿಸಿರಲಿಲ್ಲ.

ಇಲ್ಲಿ ಬ್ರೌಸರ್ ತಪ್ಪು ಮಾಡಿಲ್ಲ. ಎಚ್‌ಟಿಟಿಪಿ/2ರಲ್ಲಿ ಪ್ರತಿ ವಿನಂತಿಗೂ ಒಂದು ಸ್ಟ್ರೀಮ್ ಸಂಖ್ಯೆ ಇರುತ್ತೆ. ಬ್ರೌಸರ್ ಕಡೆಯಿಂದ ಹೊರಡುವವು 1, 3, 5 ಹೀಗೆ ಬೆಸ ಸಂಖ್ಯೆಗಳು. ಉತ್ತರವೂ ಅದೇ ಸಂಖ್ಯೆ ಹೊತ್ತು ಬರುತ್ತೆ, ಹಾಗಾಗಿ ಯಾವ ಕ್ರಮದಲ್ಲಿ ಬಂದ್ರೂ ಸರಿಯಾದ ಫೆಚ್‌ಗೇ ತಲುಪುತ್ತೆ. ಬಂದದ್ದನ್ನೆಲ್ಲ ಕಣ್ಮುಚ್ಚಿ ಪರದೆಗೆ ಹಾಕಿದ್ದು ನನ್ನ ಕೋಡ್.

ಕಾಮರ್ಸ್‌ನಲ್ಲಿ ಇದನ್ನ ಕಲ್ತೇ ಇದ್ದೆ. ಪಾರ್ಟಿ ಹಣ ಕಳಿಸಿದ್ರೆ ಕೊನೇ ಬಿಲ್ಲಿಗೇ ಬಂತು ಅಂತ ಅಂದ್ಕೊಳ್ಳೋ ಹಾಗಿಲ್ಲ, ಬಿಲ್ ನಂಬರ್ ನೋಡಿ ಹೊಂದಿಸ್ಬೇಕು.

ಅದನ್ನೇ ಮಾಡಿದೆ. ಪ್ರತಿ ಹುಡುಕಾಟಕ್ಕೂ ಒಂದು ನಂಬರ್ ಕೊಟ್ಟೆ. ಉತ್ತರ ಬಂದಾಗ ಅದರ ನಂಬರ್ ಇತ್ತೀಚಿನದಲ್ಲ ಅಂದ್ರೆ ಬಿಟ್ಟುಬಿಡೋದು. ಜೊತೆಗೆ ಹೊಸ ವಿನಂತಿ ಹೊರಟಾಗ ಹಳೇದನ್ನ ಅಬಾರ್ಟ್‌ಕಂಟ್ರೋಲರ್‌ನಿಂದ ರದ್ದು ಮಾಡೋದು. ಒಂದು ಎಚ್ಚರ: ರದ್ದಾಯ್ತು ಅಂದ್ರೆ ಸರ್ವರ್ ಕೆಲಸ ನಿಲ್ಲಿಸ್ತು ಅಂತ ಅರ್ಥ ಅಲ್ಲ. ಹಣ ಜಮಾ ಮಾಡೋ ವಿನಂತಿಗೆ ಇದನ್ನ ನಂಬ್ಕೊಂಡು ಕೂರಬೇಡಿ.

ವೆಬ್‌ಸಾಕೆಟ್ ಬಳಸೋರು ಇನ್ನೂ ಹುಷಾರಾಗಿರಬೇಕು. ಅಲ್ಲಿ ಯಾವ ಸಂದೇಶ ಯಾವುದಕ್ಕೆ ಉತ್ತರ ಅಂತ ಹೇಳೋರೇ ಇಲ್ಲ, ಗುರುತಿನ ಸಂಖ್ಯೆಯನ್ನ ನಾವೇ ಹಾಕ್ಬೇಕು. ಜೆಸನ್-ಆರ್‌ಪಿಸಿ 2.0ರ ನಿಯಮವೂ ಅದೇ: ವಿನಂತಿಯಲ್ಲಿದ್ದ ಐಡಿ ಉತ್ತರದಲ್ಲೂ ಇರಲೇಬೇಕು.

ಕೋಡ್ ಸರಿ ಮಾಡೋಕೆ ಅರ್ಧ ಗಂಟೆ ಸಾಕಾಯ್ತು. ಅಪ್ಪ ಮಾರನೇ ದಿನವೇ ಹೋಗಿ ತಪ್ಪಾಯ್ತು ಅಂದ್ರೂ ಆಕೆ ಮತ್ತೆ ಅಂಗಡಿಗೆ ಬರೋಕೆ ಮೂರು ವಾರ ಹಿಡೀತು. ಈಗ ಬಾಕಿ ಪಕ್ಕದಲ್ಲಿ ಪೂರ್ತಿ ಹೆಸರೂ ಇದೆ, ಅಪ್ಪ ಅದನ್ನ ಜೋರಾಗಿ ಓದಿಯೇ ಹಣ ಕೇಳ್ತಾರೆ.

ಮುಂದಿನ ವಾರ ಸಿಗೋಣ.