ಕಿವಿ ಮುಚ್ಚಿಕೊಂಡ ಮಗು ಏನು ಹೇಳುತ್ತಿದೆ?



ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದವರಿಗೆ ಅಲ್ಲಿನ ಗದ್ದಲ ಗೊತ್ತು. ಗೂಡಿನ ವಾಸನೆ, ಜನರ ಮಾತು, ಹೊರಗೆ ಗಾಡಿಗಳ ಹಾರನ್. ಎರಡು ನಿಮಿಷದಲ್ಲಿ ನಮಗೆ ಅದೆಲ್ಲ ಒಗ್ಗಿಹೋಗುತ್ತದೆ. ಬೇಡದ ಸದ್ದನ್ನು ಮಿದುಳು ತಾನಾಗಿಯೇ ಹಿಂದಕ್ಕೆ ಸರಿಸುತ್ತದೆ. ಆಟಿಸಂ, ಅಂದರೆ ಸ್ವಲೀನತೆ ಇರುವ ಅನೇಕ ಮಕ್ಕಳಿಗೆ ಈ ಅನುಕೂಲ ಸುಲಭವಾಗಿ ಒದಗುವುದಿಲ್ಲ. ಎಲ್ಲವೂ ಒಟ್ಟಿಗೇ ಬಂದು ಬಡಿಯುತ್ತವೆ.

ಅನುಭವಿಸಿದವರೇ ಇದನ್ನು ಬರೆದಿದ್ದಾರೆ. ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್ ಹುಟ್ಟಿದ್ದು 1947ರಲ್ಲಿ. ಬಾಲ್ಯದಲ್ಲಿ ಜೋರು ಸದ್ದು ಕೇಳಿದರೆ, ದಂತವೈದ್ಯರ ಕೊರೆಯುವ ಯಂತ್ರ ಹಲ್ಲಿನ ನರಕ್ಕೆ ತಾಗಿದಂತಾಗುತ್ತಿತ್ತಂತೆ. ಗರಿಗರಿ ಲಂಗ ತೊಟ್ಟರೆ ಮೈಗೆ ಮರಳುಕಾಗದ ಉಜ್ಜಿದ ಹಾಗೆ!

ಬಾಲ್ಯದ ಒಂದು ಭಾಗವನ್ನು ನಮ್ಮ ಬೆಂಗಳೂರಿನಲ್ಲೇ ಕಳೆದ ಟೀಟೊ ರಾಜರ್ಷಿ ಮುಖೋಪಾಧ್ಯಾಯ ಹೇಳುವುದು ಇನ್ನೊಂದು ಬಗೆ. ಅವರಿಗೆ ಮಾತು ತೀರ ಕಡಿಮೆ; ತಾಯಿ ಸೋಮಾ ಕಲಿಸಿದ ಬರವಣಿಗೆಯೇ ಆಸರೆ. (ಆ ತಾಯಿಯ ಕಲಿಸುವ ವಿಧಾನದ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ, ಅದೂ ತಿಳಿದಿರಲಿ.) 2000ದಲ್ಲಿ ಬ್ರಿಟನ್ನಿನಲ್ಲಿ ಅಚ್ಚಾದ ಅವರ ಪುಸ್ತಕದಲ್ಲಿ ಒಬ್ಬ ಹುಡುಗ ಬರುತ್ತಾನೆ. ಅವನಿಗೆ ತಾನು ಒಮ್ಮೆ ಬರೀ ಕೈ, ಒಮ್ಮೆ ಬರೀ ಕಾಲು ಎನಿಸುತ್ತದೆ. ಚದುರಿದ ಮೈಯನ್ನು ಒಂದುಗೂಡಿಸಲು ಅವನು ಗಿರಗಿರನೆ ಸುತ್ತುತ್ತಾನೆ. ನೋಡುವವರ ಕಣ್ಣಿಗೆ ಅದು ಬರೀ ಹುಚ್ಚಾಟ.

ಹೀಗೆ ಬರೆದು ಹೇಳಬಲ್ಲವರು ಎಷ್ಟು ಮಂದಿ? ಉಳಿದ ಮಕ್ಕಳು ಮೈಯಿಂದಲೇ ಹೇಳುತ್ತಾರೆ. ಕನಕಪುರದ ಬಸ್ ನಿಲ್ದಾಣದಲ್ಲೋ ಮಾಗಡಿ ರಂಗನಾಥಸ್ವಾಮಿಯ ತೇರಿನ ನೂಕುನುಗ್ಗಲಿನಲ್ಲೋ ಒಂದು ಮಗು ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕುಸಿದು ಕಿರುಚಿತು ಎನ್ನಿ. 'ಹಟಮಾರಿ, ಎರಡು ಬಿಟ್ಟರೆ ಸರಿಹೋಗುತ್ತೆ' ಎನ್ನುವವರು ಪಕ್ಕದಲ್ಲೇ ಸಿಗುತ್ತಾರೆ. ನೋವೆಂದು ಕೂಗುವ ಮಗುವಿಗೆ ಇನ್ನಷ್ಟು ನೋವು! ತಾಯಿಯಾದವಳು ಅಲ್ಲಿ ಏನೆಂದು ಉತ್ತರ ಕೊಡಬೇಕು?

ಸ್ವಾರಸ್ಯವೆಂದರೆ, ಇದೇ ಮಗು ಚನ್ನಪಟ್ಟಣದ ಬುಗುರಿ ತಿರುಗುವುದನ್ನು ಗಂಟೆಗಟ್ಟಲೆ ನೋಡುತ್ತ ಕೂರಬಹುದು. ಅರಗಿನ ಬಣ್ಣದ ಆ ನುಣುಪನ್ನು ಕೆನ್ನೆಗೆ ಒತ್ತಿಕೊಂಡು ಸಮಾಧಾನಗೊಳ್ಳಬಹುದು. ಕೆಲವು ಸಂವೇದನೆ ಅತಿಯಾಗುವುದು, ಕೆಲವು ಸಾಲದೆ ಹೋಗುವುದು, ಎರಡನ್ನೂ ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಸ್ವಲೀನತೆಯ ಲಕ್ಷಣಗಳಲ್ಲಿ ಸೇರಿಸಿತು.

ನಿಮ್ಮ ತರಗತಿಯಲ್ಲೂ ಅಂಥ ಗೆಳೆಯನಿರಬಹುದು. ಗಂಟೆ ಹೊಡೆಯುವ ಮೊದಲೇ ಅವನಿಗೆ ತಿಳಿಸಿ. ಹಿಂದಿನಿಂದ ಬಂದು ಬೆನ್ನು ತಟ್ಟಬೇಡಿ. ಅವನು ಎದ್ದು ಹೊರಗೆ ಓಡಿದರೆ ಗುಂಪು ಕೂಡುವುದು ಬೇಡ. ಒಬ್ಬರು ಮಾತ್ರ ಜೊತೆಗೆ ಹೋಗಿ, ಏನೂ ಕೇಳದೆ, ಮರದ ನೆರಳಲ್ಲಿ ಸ್ವಲ್ಪ ದೂರದಲ್ಲಿ ಕುಳಿತಿರಿ.