ಆಸ್ತಿಪತ್ರಗಳ ನೋಂದಣಿ ಮತ್ತು ಕುಟುಂಬದ ನೆಮ್ಮದಿ

(ಶತಮಾನೋತ್ಸವದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ಭಕ್ತಿಯ ವಿಷಯವಾಗಿ ಮಾತನಾಡಲು ನನಗಿಂತ ಅರ್ಹರು ಅನೇಕರಿದ್ದಾರೆ. ದಸ್ತಾವೇಜು ಬರಹಗಾರನಾಗಿ ಬಹುಕಾಲ ದುಡಿದ ನಾನು ಬಲ್ಲದ್ದು ಆಸ್ತಿಪತ್ರಗಳ ವಿಷಯವನ್ನು ಮಾತ್ರ. ಇದು ಕೇವಲ ಲೌಕಿಕ ವಿಚಾರವೆಂದು ಕೆಲವರಿಗೆ ತೋರಬಹುದು. ಆದರೆ ಒಂದೇ ತಾಯಿಯ ಮಕ್ಕಳು ಬಲಿಪೂಜೆಯಲ್ಲಿ ಪರಸ್ಪರ ಮುಖ ತಿರುಗಿಸಿ ನಿಲ್ಲುವಂತೆ ಮಾಡಿದ್ದು ಈ ಲೌಕಿಕ ವಿಚಾರವೇ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪವಿತ್ರ ಗ್ರಂಥವು ಈ ವಿಷಯವನ್ನು ಕಡೆಗಣಿಸಿಲ್ಲ. ಅಬ್ರಹಾಮನು ಪತ್ನಿ ಸಾರಳ ಸಮಾಧಿಗಾಗಿ ಮಕ್ಪೇಲದ ಹೊಲವನ್ನೂ ಗವಿಯನ್ನೂ 400 ಶೆಕೆಲ್ ಬೆಳ್ಳಿಗೆ ಕೊಂಡದ್ದು ಊರಬಾಗಿಲಲ್ಲಿ, ಊರವರೆಲ್ಲರ ಸಮ್ಮುಖದಲ್ಲಿ. ಜೆರುಸಲೇಮಿಗೆ ಶತ್ರುಗಳು ಮುತ್ತಿಗೆ ಹಾಕಿದ್ದಾಗ, ಸೆರೆಯಲ್ಲಿದ್ದ ಪ್ರವಾದಿ ಯೆರೆಮೀಯನು ಅನಾತೋತಿನ ಹೊಲವೊಂದನ್ನು 17 ಶೆಕೆಲ್ ಬೆಳ್ಳಿಗೆ ಕೊಂಡನು. ಕ್ರಯಪತ್ರಕ್ಕೆ ಸಹಿ ಮಾಡಿ, ಸಾಕ್ಷಿಗಳನ್ನು ಕರೆದು, ಮುದ್ರೆಯೊತ್ತಿದ ಪ್ರತಿಯನ್ನೂ ತೆರೆದ ಪ್ರತಿಯನ್ನೂ ಬಾರೂಕನ ಮೂಲಕ ಮಣ್ಣಿನ ಪಾತ್ರೆಯಲ್ಲಿ ಇಡಿಸಿದನು. ಪತ್ರವನ್ನು ಭದ್ರಪಡಿಸುವುದು ಅವಿಶ್ವಾಸದ ಗುರುತಲ್ಲ, ನಾಳೆಯ ಮೇಲಿನ ಭರವಸೆಯ ಗುರುತು.

ನಮ್ಮ ನಾಡಿನಲ್ಲಿ ಆ ಮಣ್ಣಿನ ಪಾತ್ರೆಯ ಕೆಲಸವನ್ನು ಉಪನೋಂದಣಾಧಿಕಾರಿಯ ಕಚೇರಿ ಮಾಡುತ್ತದೆ. 1908ರ ನೋಂದಣಿ ಕಾಯಿದೆಯೇ ಅದಕ್ಕೆ ಆಧಾರ. 100 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಕ್ರಯಪತ್ರವು ನೋಂದಣಿಯಾಗಲೇಬೇಕು. ಸ್ಥಿರಾಸ್ತಿಯ ದಾನಪತ್ರಕ್ಕಾದರೋ ಬೆಲೆ ಎಷ್ಟೇ ಇರಲಿ, ನೋಂದಣಿಯೂ ಇಬ್ಬರು ಸಾಕ್ಷಿಗಳೂ ಬೇಕು; ದಾನ ಪಡೆಯುವವರು ಅದನ್ನು ದಾನಿಯ ಜೀವಿತಕಾಲದಲ್ಲಿಯೇ ಸ್ವೀಕರಿಸಿರಬೇಕು. ಬರೆದುಕೊಟ್ಟ ದಿನದಿಂದ ನಾಲ್ಕು ತಿಂಗಳೊಳಗೆ ಪತ್ರವನ್ನು ಹಾಜರುಪಡಿಸಬೇಕು. ತಪ್ಪಿಸಲಾಗದ ಕಾರಣದಿಂದ ತಡವಾದರೆ ದಂಡ ತೆತ್ತು ಇನ್ನೂ ನಾಲ್ಕು ತಿಂಗಳ ಅವಕಾಶ ಪಡೆಯಬಹುದು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಪತ್ನಿಯನ್ನು ಕಳೆದುಕೊಂಡ ವೃದ್ಧರೊಬ್ಬರು, ತಮ್ಮನ್ನು ಆರೈಕೆ ಮಾಡುತ್ತಿದ್ದ ಮಗಳಿಗೆ ಮನೆಯನ್ನು ಕೊಡಲು ಬಯಸಿ ನನ್ನಲ್ಲಿಗೆ ಬಂದರು. ಮುದ್ರಾಂಕ ಕಾಗದದ ಮೇಲೆ ಬರೆದುಕೊಟ್ಟೆ. "ನಮ್ಮ ಮಕ್ಕಳಲ್ಲಿ ಜಗಳವೆಲ್ಲಿ ಬಂತು, ನೋಂದಣಿಯ ಖರ್ಚೇಕೆ?" ಎಂದು ಅವರು ನಕ್ಕರು. ನಾನು ಒತ್ತಾಯಿಸಲಿಲ್ಲ, ಸಾಕ್ಷಿಗಳ ಸಹಿಯನ್ನೂ ಹಾಕಿಸಲಿಲ್ಲ. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡರು. ಮಗಳು ಆ ಕಾಗದವನ್ನು ಹೊರತೆಗೆದಾಗ ಅದು ದಾನಪತ್ರವೂ ಆಗಲಿಲ್ಲ, ಮರಣಶಾಸನವೂ ಆಗಲಿಲ್ಲ. ನಾಲ್ವರು ಮಕ್ಕಳಿಗೆ ಸಮಪಾಲು ಎಂದಾಯಿತು. ಕಾನೂನಿನ ದೃಷ್ಟಿಯಲ್ಲಿ ಸಹೋದರರು ಅನ್ಯಾಯ ಮಾಡಲಿಲ್ಲ. ಆದರೆ ತಂದೆಯ ಇಚ್ಛೆ ನೆರವೇರಲಿಲ್ಲ, ಮನೆ ಮಾರಾಟವಾಯಿತು. ಆ ಸಹೋದರಿ ನನ್ನನ್ನು ಒಂದು ಮಾತನ್ನೂ ಆಡಲಿಲ್ಲ. ಆ ಮೌನವನ್ನು ನಾನು ಇಂದಿಗೂ ಮರೆತಿಲ್ಲ.

ಆದುದರಿಂದ ಮೊದಲನೆಯ ಮಾತು: ಮುದ್ರಾಂಕ ಕಾಗದವೇ ನೋಂದಣಿಯಲ್ಲ. ಅದು ಸರಕಾರಕ್ಕೆ ಸಲ್ಲುವ ಶುಲ್ಕದ ಗುರುತು ಮಾತ್ರ.

ಎರಡನೆಯ ಮಾತು: ಬರೆದುಕೊಟ್ಟವರು ಇವರೇ ಹೌದೆಂಬುದನ್ನು ಅಧಿಕಾರಿಗಳು ವಿಚಾರಿಸುತ್ತಾರೆ, ಭಾವಚಿತ್ರವನ್ನೂ ಬೆರಳಚ್ಚನ್ನೂ ಪಡೆಯುತ್ತಾರೆ. ಆದರೆ ಮಾರುವವರಿಗೆ ಆಸ್ತಿಯ ಮೇಲೆ ನಿಜವಾದ ಹಕ್ಕುಂಟೇ ಎಂದು ತೀರ್ಪು ಕೊಡುವುದು ಅವರ ಕೆಲಸವಲ್ಲ. ಕೊಳ್ಳುವವರೇ ಹಿಂದಿನ ಮೂಲಪತ್ರಗಳನ್ನು ಓದಿಸಿ, ಋಣಭಾರ ಪ್ರಮಾಣಪತ್ರವನ್ನು ಪಡೆದು, ಚೆಕ್ಕುಬಂದಿಯನ್ನು ಸ್ಥಳದಲ್ಲಿಯೇ ತಾಳೆ ನೋಡಬೇಕು.

ಮೂರನೆಯ ಮಾತು: ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಸಿದ್ಧವಾಗುವುದಿಲ್ಲ, ಅದು ಕಂದಾಯದ ದಾಖಲೆ. ಹಾಗೆಂದು ಅದನ್ನು ಅಲಕ್ಷಿಸಲೂ ಬಾರದು. ನೋಂದಣಿಯಾದ ಬಳಿಕ ಖಾತೆ ಬದಲಾವಣೆಯಾಯಿತೇ ಎಂದು ವಿಚಾರಿಸಿಕೊಳ್ಳಿರಿ.

ಮರಣಶಾಸನದ ವಿಷಯದಲ್ಲಿ ನಾವು ಕ್ರೈಸ್ತರು ವಿಶೇಷವಾಗಿ ತಿಳಿಯಬೇಕಾದುದಿದೆ. ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಅದರಂತೆ ಮರಣಶಾಸನವಿಲ್ಲದೆ ತೀರಿಕೊಂಡವರ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ವಿಧವೆಯೂ ಮಕ್ಕಳೂ ಇದ್ದಲ್ಲಿ ವಿಧವೆಗೆ ಮೂರನೆಯ ಒಂದು ಪಾಲು. ಮರಣಶಾಸನಕ್ಕೆ ನೋಂದಣಿ ಕಡ್ಡಾಯವಲ್ಲ, ಕಾಲದ ಮಿತಿಯೂ ಇಲ್ಲ. ಆದರೂ ನೋಂದಾಯಿಸುವುದು ಲೇಸು. ಮನಸ್ಸು ಬದಲಾದರೆ ನೋಂದಣಿಯಾದ ಮರಣಶಾಸನವನ್ನೂ ರದ್ದುಗೊಳಿಸಬಹುದು. ಇಬ್ಬರು ಸಾಕ್ಷಿಗಳು ಅವಶ್ಯ. ಆಸ್ತಿ ಪಡೆಯುವವರಾಗಲಿ ಅವರ ಪತಿ ಅಥವಾ ಪತ್ನಿಯಾಗಲಿ ಸಾಕ್ಷಿ ಹಾಕಿದರೆ ಅವರಿಗೆ ಬರೆದ ಪಾಲು ಅಸಿಂಧುವಾಗುತ್ತದೆ. ಅಳಿಯನ ಸಹಿಯಿಂದ ಮಗಳು ಆಸ್ತಿ ಕಳೆದುಕೊಳ್ಳುವುದೆಂದರೆ ಇದೇ.

ಧರ್ಮಕಾರ್ಯಕ್ಕೆ ಆಸ್ತಿ ಬಿಡುವುದಕ್ಕೆ ಇದೇ ಕಾಯಿದೆಯ 118ನೆಯ ಕಲಮು ನಮಗೆ ಬಹುಕಾಲ ಅಡ್ಡಿಯಾಗಿತ್ತು. ಹತ್ತಿರದ ಬಂಧುಗಳಿದ್ದವರು ಮರಣಕ್ಕೆ 12 ತಿಂಗಳ ಮೊದಲೇ ಮರಣಶಾಸನ ಬರೆದು, ಆರು ತಿಂಗಳೊಳಗೆ ಅದನ್ನು ಠೇವಣಿ ಇಡಬೇಕಾಗಿತ್ತು. ಫಾದರ್ ಜಾನ್ ವಳ್ಳಮಟ್ಟಂ ಎಂಬ ಧರ್ಮಗುರುಗಳು ಇದನ್ನು ಪ್ರಶ್ನಿಸಿದರು. ಸಮಾನತೆಗೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ಆ ಕಲಮನ್ನು ರದ್ದುಪಡಿಸಿತು.

ಕೊನೆಯದಾಗಿ ನಮ್ಮ ಧರ್ಮಕೇಂದ್ರದ ಮಾತು. ದೇವಾಲಯಕ್ಕೆ ಭೂಮಿ ಕೊಟ್ಟ ಹಿರಿಯರ ಉಪಕಾರವನ್ನು ಈ ದಿನ ಸ್ಮರಿಸುತ್ತೇವೆ. ಜ್ಞಾನಸ್ನಾನದ ದಫ್ತರವನ್ನು ಎಷ್ಟು ಜಾಗರೂಕತೆಯಿಂದ ಕಾಪಾಡುತ್ತೇವೆಯೋ ಭೂಪತ್ರಗಳನ್ನೂ ಅಷ್ಟೇ ಜಾಗರೂಕತೆಯಿಂದ ಕಾಪಾಡಬೇಕು. ಪ್ರತಿಯೊಂದು ಪತ್ರದ ಸಂಖ್ಯೆ, ವರ್ಷ, ಸರ್ವೆ ನಂಬರುಗಳ ಪಟ್ಟಿಯೊಂದನ್ನು ಸಿದ್ಧಪಡಿಸೋಣ. ಮೂಲಪತ್ರ ಗೆದ್ದಲಿಗೆ ತುತ್ತಾಗಿದ್ದರೆ ನಿರಾಶರಾಗಬೇಕಾಗಿಲ್ಲ. ಸ್ಥಿರಾಸ್ತಿಯ ನೋಂದಣಿಗೆ ಮೀಸಲಾದ ಒಂದನೆಯ ಪುಸ್ತಕವನ್ನು ಶುಲ್ಕ ಕೊಟ್ಟು ಯಾರೂ ಪರಿಶೀಲಿಸಬಹುದು, ದೃಢೀಕೃತ ನಕಲನ್ನೂ ಪಡೆಯಬಹುದು. ಈಗ ಕರ್ನಾಟಕದಲ್ಲಿ ನೋಂದಣಿಯು ಕಾವೇರಿ ಎಂಬ ಗಣಕಯಂತ್ರ ವ್ಯವಸ್ಥೆಯ ಮೂಲಕ ನಡೆಯುತ್ತಿದೆ. ಮನೆಯಲ್ಲಿದ್ದೇ ಋಣಭಾರ ಪತ್ರಕ್ಕೆ ಅರ್ಜಿ ಹಾಕಬಹುದಾಗಿದೆ.

ಇಂದು ಮನೆಗೆ ಹೋದೊಡನೆ ಪೆಟ್ಟಿಗೆಯನ್ನು ತೆರೆಯಿರಿ. ನೋಂದಣಿಯಾಗದ ಕಾಗದವಿದ್ದರೆ, ಅದನ್ನು ಬರೆದುಕೊಟ್ಟ ಹಿರಿಯರು ಬದುಕಿರುವಾಗಲೇ ಮಕ್ಕಳೆಲ್ಲರನ್ನೂ ಕೂರಿಸಿ ಮಾತನಾಡಿ, ಹೊಸದಾಗಿ ಬರೆಸಿ ನೋಂದಾಯಿಸಿರಿ. ಮಕ್ಕಳಿಗೆ ಭೂಮಿಯನ್ನು ಬಿಟ್ಟುಹೋಗುವ ನಾವು ಅದರೊಂದಿಗೆ ಸಮಾಧಾನವನ್ನೂ ಬಿಟ್ಟುಹೋಗೋಣ.