ಮೂಕಸಾಕ್ಷಿಗಳೂ ಸರಕಾರದ ಹೊಣೆಯೂ
(ಸಂಘದ ವಾರ್ಷಿಕೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಲ್ಲಿ ನಾಡು, ನುಡಿ, ಶಾಲೆ, ವಾಚನಾಲಯಗಳನ್ನು ಕುರಿತು ಮಾತನಾಡುವುದು ವಾಡಿಕೆ. ಇಂದು ನನಗೆ ಒಪ್ಪಿಸಿರುವ ವಿಷಯ ಸ್ವಲ್ಪ ಬೇರೆಯಾದುದು: ಪಶುಪ್ರಾಣಿಗಳ ಕ್ಷೇಮದಲ್ಲಿಯೂ ಪರಿಸರದ ರಕ್ಷಣೆಯಲ್ಲಿಯೂ ಸರಕಾರದ ಹೊಣೆ. ಕನ್ನಡ ಸಂಘಕ್ಕೂ ಇದಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಿಯಾರು. ನುಡಿ ಉಳಿಯಬೇಕಾದರೆ ಅದನ್ನಾಡುವ ಜನ ಉಳಿಯಬೇಕು. ಜನ ಉಳಿಯಬೇಕಾದರೆ ಅವರು ಕುಡಿಯುವ ನೀರು, ಹಟ್ಟಿಯ ಹಸು, ತೋಟದ ಜೇನು ಉಳಿಯಬೇಕು. ಕಾಸರಗೋಡಿನ ಗುಡ್ಡಗಳ ಬುಡದಲ್ಲಿರುವ ನಮ್ಮ ಹಳ್ಳಿಗಳು ಈ ಪಾಠವನ್ನು ಬಹು ದೊಡ್ಡ ಬೆಲೆ ತೆತ್ತು ಕಲಿತಿವೆ. ಆದುದರಿಂದ ದೂರದ ದೃಷ್ಟಾಂತಗಳನ್ನು ಹುಡುಕದೆ, ಎಂಡೋಸಲ್ಫಾನ್ ಪ್ರಕರಣವೊಂದನ್ನೇ ತಮ್ಮ ಮುಂದಿಡುತ್ತೇನೆ.

ಮೊದಲು ಹೊಣೆ ಎಂಬ ಮಾತಿನ ಅರ್ಥವನ್ನು ನೋಡೋಣ. ಸಾಲಕ್ಕೆ ಹೊಣೆ ನಿಂತವನನ್ನು, ಸಾಲಗಾರ ಕೈಕೊಟ್ಟ ದಿನ, ಮನೆಬಾಗಿಲಿಗೆ ಹೋಗಿ ಕೇಳುತ್ತೇವೆ. ಅವನು “ನನಗೆ ಗೊತ್ತಿಲ್ಲ, ಪಕ್ಕದ ಮನೆಯಲ್ಲಿ ಕೇಳಿ” ಎನ್ನುವಂತಿಲ್ಲ. ಕೇಳಿದವನಿಗೆ ಉತ್ತರ ಕೊಡಬೇಕಾದ ಕಟ್ಟುಪಾಡೇ ಹೊಣೆ. ಒಳ್ಳೆಯ ಉದ್ದೇಶ ಬೇರೆ, ಹೊಣೆ ಬೇರೆ. ಸರಕಾರಗಳಿಗೆ ಒಳ್ಳೆಯ ಉದ್ದೇಶದ ಕೊರತೆ ಎಂದೂ ಇದ್ದುದಿಲ್ಲ. ಕೊರತೆ ಇರುವುದು ಎರಡನೆಯದಕ್ಕೆ.

ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು 1956ರ ನವೆಂಬರ 1ರಂದು ಕೇರಳಕ್ಕೆ ಸೇರಿತು. 1960ರ ದಶಕದಲ್ಲಿ ಇಲ್ಲಿಯ ಗುಡ್ಡಗಳಲ್ಲಿ ಕೃಷಿ ಇಲಾಖೆ ಗೇರು ನೆಡಲು ತೊಡಗಿತು. ಮುಂದೆ ಆ ತೋಟಗಳು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ವಶವಾದುವು. ಈ ನಿಗಮ ಸರಕಾರದ್ದೇ ಎಂಬುದನ್ನು ತಾವು ನೆನಪಿನಲ್ಲಿಡಬೇಕು. ತೋಟದ ವಿಸ್ತಾರ ಸುಮಾರು 4,600 ಹೆಕ್ಟೇರು. ಗೇರಿನ ಚಿಗುರು ಹೂಗಳ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಉತ್ತರಾರ್ಧದಿಂದ 2000ದ ವರೆಗೆ, ವರ್ಷಕ್ಕೆ ಎರಡು ಮೂರು ಬಾರಿ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸುರಿಯಲಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರುಗಳೂ ದಕ್ಷಿಣದ ಪೆರಿಯ, ಚೀಮೇನಿ ಮುಂತಾದ ಕಡೆಗಳೂ ಸೇರಿ ಹನ್ನೊಂದು ಪಂಚಾಯತುಗಳು ಇದರ ಬಾಧೆಗೆ ಒಳಗಾದುವೆಂದು ಮುಂದೆ ಸರಕಾರವೇ ಗುರುತಿಸಿತು.

ನಮ್ಮ ನೆಲದ ರಚನೆಯನ್ನು ಬಲ್ಲವರಿಗೆ ಮುಂದಿನ ಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಡ್ಡದ ತಲೆಯಲ್ಲಿ ತೋಟ, ಬುಡದಲ್ಲಿ ಮನೆ. ಗುಡ್ಡದ ಹೊಟ್ಟೆಯನ್ನು ಅಡ್ಡವಾಗಿ ಕೊರೆದು ತೆಗೆದ ಸುರಂಗದಿಂದಲೇ ನಾವು ಕುಡಿಯುವ ನೀರು ಹರಿದುಬರುತ್ತದೆ. ಕೆರೆ, ತೋಡು, ಬಾವಿಗಳು ತೆರೆದೇ ಇರುತ್ತವೆ. ಮೇಲಿನಿಂದ ಬಿದ್ದುದು ಗಾಳಿಯಲ್ಲಿ ತೇಲಿ, ಮಳೆಯಲ್ಲಿ ತೊಳೆದು, ಕೆಳಗೆ ಬಾರದೆ ಎಲ್ಲಿಗೆ ಹೋದೀತು?

ಇದಕ್ಕೆ ಮೊದಲ ಸಾಕ್ಷಿ ನುಡಿದವರು ಮನುಷ್ಯರಲ್ಲ. 1979ರ ಸುಮಾರಿಗೆ ಪಡ್ರೆ ಗ್ರಾಮದ ಹಟ್ಟಿಯಲ್ಲಿ ಕಾಲು ಸೊಟ್ಟಗಾದ ಕರುಗಳು ಹುಟ್ಟಿದುವು. ಕೃಷಿ ಪತ್ರಕರ್ತರಾದ ಶ್ರೀ ಪಡ್ರೆಯವರು ಇದನ್ನು ಪತ್ರಿಕೆಯಲ್ಲಿ ಬರೆದು, ಸಿಂಪಡಣೆಗೂ ಈ ವಿಕಲತೆಗೂ ಸಂಬಂಧವಿರಬಹುದೆ ಎಂದು ಪ್ರಶ್ನಿಸಿದರು. ಜೇನ್ನೊಣಗಳು ಸತ್ತುವು, ತೋಡಿನ ಮೀನು ಕಪ್ಪೆಗಳು ತೇಲಿದುವು ಎಂದು ಹಳ್ಳಿಗರು ಹೇಳಿದರು. ಪಶುಸಂಗೋಪನೆಗೆ ಒಂದು ಇಲಾಖೆ, ಕೃಷಿಗೆ ಒಂದು, ಆರೋಗ್ಯಕ್ಕೆ ಇನ್ನೊಂದು ಇದ್ದುವು. ಆದರೆ ಆ ಕರುವಿನ ಕಾಲು ಏಕೆ ಸೊಟ್ಟಗಾಯಿತೆಂಬ ಪ್ರಶ್ನೆಗೆ ಉತ್ತರ ಕೊಡಬೇಕಾದ ಕಟ್ಟುಪಾಡು ಯಾವ ಇಲಾಖೆಗೂ ಇರಲಿಲ್ಲ. ಸಿಂಪಡಣೆ ಮತ್ತೆ ಇಪ್ಪತ್ತು ವರ್ಷ ನಡೆಯಿತು.

ಮೂಕಪ್ರಾಣಿಗಳ ಸಾಕ್ಷ್ಯವನ್ನು ಕೇಳುವುದು ಸರಕಾರಕ್ಕೆ ಸಾಧ್ಯವಾಗದ ಕೆಲಸವೆ? ಹಾಗೆ ಹೇಳುವಂತಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದುವು. ಸುತ್ತಲಿನ ಊರವರಿಗೆ ಜ್ವರ ಬಂದಿತು. ಆಗ ಪೂನಾದ ವೈರಸ್ ಸಂಶೋಧನಾ ಕೇಂದ್ರದವರು ಬಂದು ಸತ್ತ ಮಂಗಗಳನ್ನೇ ಪರೀಕ್ಷಿಸಿ, ಹೊಸದೊಂದು ವೈರಸ್ಸನ್ನು ಕಂಡುಹಿಡಿದರು. ಉಣ್ಣೆಯ ಮೂಲಕ ಹರಡುವ ಆ ಕಾಯಿಲೆಗೆ ನಮ್ಮ ಜನ ಮಂಗನ ಕಾಯಿಲೆ ಎಂದೇ ಹೆಸರಿಟ್ಟರು. ಇಂದಿಗೂ ಮಲೆನಾಡಿನಲ್ಲಿ ಮಂಗ ಸತ್ತರೆ ಆರೋಗ್ಯ ಇಲಾಖೆಗೆ ತಿಳಿಸುತ್ತಾರೆ. ಮಂಗನ ಸಾವನ್ನು ಮನುಷ್ಯನಿಗೆ ಬಂದ ಎಚ್ಚರಿಕೆಯೆಂದು ಬಗೆಯುತ್ತಾರೆ. ಕ್ಯಾಸನೂರಿನ ಮಂಗಕ್ಕೆ ದೊರೆತ ಕಿವಿ ಪಡ್ರೆಯ ಕರುವಿಗೆ ಏಕೆ ದೊರೆಯಲಿಲ್ಲ? ಮಂಗವನ್ನು ಕೊಂದುದು ಯಾರದೂ ಆಸ್ತಿಯಲ್ಲದ ರೋಗಾಣು. ಇಲ್ಲಿ ಸಂಶಯಕ್ಕೆ ಒಳಗಾದ ವಿಷವೂ, ಅದು ಬಿದ್ದ ತೋಟವೂ, ಅದರ ಲಾಭವೂ ಸರಕಾರದವು. ಯಜಮಾನನೇ ಆರೋಪಿಯಾದಾಗ ಪಾರುಪತ್ಯಗಾರನ ಕಿವಿ ಮಂದವಾಗುತ್ತದೆ.

ಕಾನೂನು ಇರಲಿಲ್ಲವೆಂದೂ ಯಾರೂ ಹೇಳುವಂತಿಲ್ಲ. 1968ರಲ್ಲಿ ಕೀಟನಾಶಕಗಳ ಶಾಸನವಾಯಿತು. ಅದರಡಿಯಲ್ಲಿ 1971ರಲ್ಲಿ ರಚಿತವಾದ ನಿಯಮಗಳು ವಿಮಾನ ಸಿಂಪಡಣೆಯ ಮಾತನ್ನೂ ಆಡುತ್ತವೆ: ಇಪ್ಪತ್ತನಾಲ್ಕು ಗಂಟೆಗೆ ಕಡಿಮೆಯಾಗದಷ್ಟು ಮುಂಚಿತವಾಗಿ ಸಾರ್ವಜನಿಕರಿಗೆ ತಿಳಿಸಬೇಕು, ಒಪ್ಪಿಗೆಯಾದ ಎತ್ತರದಿಂದಲೇ ಸಿಂಪಡಿಸಬೇಕು, ಸಂಬಂಧಪಡದ ಜನರೂ ಪಶುಗಳೂ ಆ ಪ್ರದೇಶವನ್ನು ನಿಗದಿಯಾದ ಅವಧಿಯ ವರೆಗೆ ಹೊಗದಂತೆ ತಡೆಯಬೇಕು. ಹಾರುವ ಹಕ್ಕಿಯನ್ನೂ ಮೇಯುವ ದನವನ್ನೂ ತೋಟದ ಅಂಚಿನಲ್ಲಿ ತಡೆದು ನಿಲ್ಲಿಸಿದವರು ಯಾರು? 1960ರ ಪ್ರಾಣಿಹಿಂಸಾ ನಿವಾರಣಾ ಶಾಸನ, ಎತ್ತಿನ ಮೇಲೆ ಮಿತಿಮೀರಿ ಹೇರಿದ ಬಡ ಗಾಡಿಯವನನ್ನು ಅಪರಾಧಿಯೆನ್ನುತ್ತದೆ. ಆಕಾಶದಿಂದ ಹೇರಿದ ಭಾರಕ್ಕೆ ಅಳತೆಗೋಲೇ ಇರಲಿಲ್ಲ. 1976ರ ನಲವತ್ತೆರಡನೆಯ ತಿದ್ದುಪಡಿಯಿಂದ ಪರಿಸರವನ್ನೂ ವನ್ಯಜೀವಿಗಳನ್ನೂ ಕಾಪಾಡುವುದು ರಾಜ್ಯದ ಧ್ಯೇಯವೆಂದು ಸಂವಿಧಾನದಲ್ಲಿ ಬರೆಯಲಾಯಿತು. ಜೀವಿಗಳಲ್ಲಿ ದಯೆ ತೋರುವುದು ಪ್ರಜೆಯ ಕರ್ತವ್ಯವೆಂದೂ ಬರೆಯಲಾಯಿತು. ಅದೇ ದಶಕದಲ್ಲಿ ಹೆಲಿಕಾಪ್ಟರು ನಮ್ಮ ಗುಡ್ಡಗಳ ಮೇಲೆ ಹಾರಿತು.

ಹಾಗಾದರೆ ಅದನ್ನು ನಿಲ್ಲಿಸಿದವರು ಯಾರು? ಎಣ್ಮಕಜೆಯ ವಾಣಿನಗರದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ. ಎಸ್. ಮೋಹನಕುಮಾರರು, ಒಂದೇ ಪರಿಸರದಲ್ಲಿ ನರರೋಗ, ಬುದ್ಧಿಮಾಂದ್ಯ, ಅಂಗವೈಕಲ್ಯ, ಅರ್ಬುದಗಳು ಇಷ್ಟೇಕೆ ಎಂದು 1990ರ ದಶಕದಲ್ಲಿ ವೈದ್ಯಲೋಕವನ್ನು ಕೇಳಿದರು. ಪೆರಿಯದ ಲೀಲಾಕುಮಾರಿಯಮ್ಮನವರು 1998ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದ ಮೆಟ್ಟಿಲೇರಿ ವಿಮಾನ ಸಿಂಪಡಣೆಗೆ ತಡೆ ಕೇಳಿದರು. ಆಕೆ ಕೃಷಿ ಇಲಾಖೆಯಲ್ಲಿಯೇ ಕೆಲಸ ಮಾಡುತ್ತಿದ್ದ ಸಾಮಾನ್ಯ ನೌಕರಳು. ಸರಕಾರದ ಉಪ್ಪು ತಿಂದೂ ಸರಕಾರವನ್ನು ಪ್ರಶ್ನಿಸಿದ ಆ ತಾಯಿಯ ಧೈರ್ಯವನ್ನು ನಮ್ಮ ಮಕ್ಕಳು ಅರಿಯಬೇಕು. ಇಂತಹವರ ಹಟದಿಂದ 2000ದಲ್ಲಿ ಹೆಲಿಕಾಪ್ಟರು ನಿಂತಿತು.

ಅನಂತರ ಬಂದುದು ಸಮಿತಿಗಳ ಕಾಲ. ಒಂದು ಸಂಸ್ಥೆ ನೀರಿನಲ್ಲಿ, ಹಾಲಿನಲ್ಲಿ, ರಕ್ತದಲ್ಲಿ ವಿಷ ಕಂಡಿತೆಂದಿತು. ನಿಗಮ ನೇಮಿಸಿದ ಸಂಸ್ಥೆ ಇಲ್ಲವೆಂದಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ವಿಚಾರಿಸಿದ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಶಾಲೆಯ ಮಕ್ಕಳನ್ನು ಪರೀಕ್ಷಿಸಿದರು. ಅವರು 2003ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋಟದ ಬುಡದ ಹಳ್ಳಿಯ 117 ಮಂದಿ ಹುಡುಗರನ್ನು, ಸಿಂಪಡಣೆಯಿಲ್ಲದ ಊರಿನ 90 ಮಂದಿಯೊಡನೆ ಹೋಲಿಸಲಾಗಿದೆ; ಇಲ್ಲಿಯ ಹುಡುಗರಲ್ಲಿ ಪ್ರಾಯದ ಬೆಳವಣಿಗೆ ತಡವಾಗಿತ್ತು. ಎಲ್ಲ ವ್ಯಾಧಿಗಳಿಗೂ ಈ ಒಂದೇ ವಿಷವನ್ನು ಕಾರಣವೆನ್ನಲು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಅವರ ಮಾತನ್ನೂ ನ್ಯಾಯವಾಗಿ ಕೇಳೋಣ. ಆದರೆ ಸಂಶಯದ ಲಾಭ ಯಾರಿಗೆ ಸಲ್ಲಬೇಕು? ನಿಶ್ಚಯವಾಗುವ ವರೆಗೆ ವಿಷ ಸುರಿಯುತ್ತಲೇ ಇರುವುದೂ, ನಿಶ್ಚಯವಾಗುವ ವರೆಗೆ ವಿಷ ನಿಲ್ಲಿಸುವುದೂ ಒಂದೇ ಅಲ್ಲ. ಕರು ಹುಟ್ಟಿದ ವರ್ಷವೇ ಲೆಕ್ಕವಿಟ್ಟು ಪರೀಕ್ಷಿಸಿದ್ದರೆ, ಇಂದು ವಿಜ್ಞಾನಿಗಳು ಜಗಳಾಡಬೇಕಾದ ಅಗತ್ಯವೇ ಇಷ್ಟು ಇರುತ್ತಿರಲಿಲ್ಲ. ಲೆಕ್ಕವಿಡದವರೇ ಲೆಕ್ಕ ಸಾಲದೆಂದು ವಾದಿಸುವುದು ನ್ಯಾಯವಾಗದು.

2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಕೂಡಿ ಎಂಡೋಸಲ್ಫಾನನ್ನು ಲೋಕದಿಂದಲೇ ತೊಲಗಿಸಲು ನಿಶ್ಚಯಿಸಿದುವು. ಅದಕ್ಕೆ ಬಹುಕಾಲ ಅಡ್ಡಿ ಹೇಳುತ್ತ ಬಂದ ರಾಷ್ಟ್ರಗಳಲ್ಲಿ ನಮ್ಮದೂ ಒಂದು. ಅದೇ ವರ್ಷದ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ, ಬಳಕೆಗಳನ್ನು ತಡೆಯಿತು. ನಿಗಮದ ಗೋದಾಮುಗಳಲ್ಲಿ ಉಳಿದುಹೋಗಿದ್ದ ವಿಷವನ್ನು ಹಳೆಯ ಪೀಪಾಯಿಗಳಿಂದ ಭದ್ರವಾದ ಪೀಪಾಯಿಗಳಿಗೆ ತುಂಬಿದುದು 2012ರಲ್ಲಿ.

ಪರಿಹಾರದ ಕತೆ ಇನ್ನೂ ನಿಧಾನವಾದುದು. ತೀರಿಕೊಂಡವರ ಕುಟುಂಬಗಳಿಗೂ ಹಾಸಿಗೆ ಹಿಡಿದವರಿಗೂ ಐದು ಲಕ್ಷ ರೂಪಾಯಿ ಕೊಡಬೇಕೆಂದು ಮಾನವ ಹಕ್ಕುಗಳ ಆಯೋಗ 2010ರ ಡಿಸೆಂಬರದಲ್ಲಿ ಶಿಫಾರಸು ಮಾಡಿತು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ಬಾಧಿತರಿಗೆ ಮೂರು ತಿಂಗಳೊಳಗೆ ತಲಾ ಐದು ಲಕ್ಷ ಕೊಡಿರೆಂದು ಆಜ್ಞಾಪಿಸಿತು. ಮೂರು ತಿಂಗಳು ಐದು ವರ್ಷಗಳಾದುವು. 2022ರ ಮೇ ತಿಂಗಳಲ್ಲಿ ನ್ಯಾಯಾಲಯಾಜ್ಞೆಯ ಉಲ್ಲಂಘನೆಯ ಅರ್ಜಿ ವಿಚಾರಣೆಗೆ ಬಂದಾಗ, ಪಟ್ಟಿಯಲ್ಲಿದ್ದ 3,704 ಮಂದಿಯಲ್ಲಿ ಹಣ ಸಂದುದು ಎಂಟು ಮಂದಿಗೆ. ಆ ಎಂಟು ಮಂದಿ ಅರ್ಜಿ ಹಾಕಿದವರೇ! ಪಟ್ಟಿಯಲ್ಲಿ 102 ಮಂದಿ ಹಾಸಿಗೆ ಹಿಡಿದವರಿದ್ದರು. ನ್ಯಾಯಾಲಯ ಕಠಿಣವಾಗಿ ಆಕ್ಷೇಪಿಸಿದ ಮೇಲೆಯೇ ಉಳಿದವರಿಗೆ ಹಣ ಕೊಡುವ ಕೆಲಸ ಚುರುಕಾಯಿತು. ಕೇಳಿದವನಿಗೆ ಮಾತ್ರ ಉತ್ತರ, ಅದೂ ನ್ಯಾಯಾಧೀಶರು ಕಣ್ಣು ಬಿಟ್ಟಾಗ: ಇದು ನಮ್ಮಲ್ಲಿ ಹೊಣೆಯ ಈಗಿನ ಅಳತೆ. ಕೇಳಲಾರದ ಹಸು ಕರುಗಳ ಪ್ರಸ್ತಾಪ ಈ ಆಜ್ಞೆಗಳಲ್ಲಿ ಬರಲೇ ಇಲ್ಲ.

ಇದನ್ನು ಕೇರಳದ ಮೇಲಿನ ದೂರೆಂದು ಯಾರೂ ತಿಳಿಯಬಾರದು. ಗಡಿಯಾಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆಗಳ ಕಡೆಗೂ ಗೇರುತೋಟಗಳಲ್ಲಿ ಇದೇ ವಿಷ ಆಕಾಶದಿಂದ ಬಿದ್ದಿತು. ಅಲ್ಲಿಯ ತೋಟಗಳು ಕರ್ನಾಟಕ ಸರಕಾರದ ಗೇರು ಅಭಿವೃದ್ಧಿ ನಿಗಮದವು. ಅಲ್ಲಿಯೂ ತಾಯಂದಿರು ಪ್ರಾಯಕ್ಕೆ ಬಂದ ಮಕ್ಕಳನ್ನು ಎತ್ತಿ ಉಣಿಸುತ್ತಿದ್ದಾರೆ. ಮಲೆಯಾಳ ಬಾಧಿತರೂ ಕನ್ನಡ ತುಳು ಬಾಧಿತರೂ ಒಂದೇ ಸತ್ಯಾಗ್ರಹದ ಚಪ್ಪರದಡಿ ಕುಳಿತಿದ್ದಾರೆ. ವಿಷಕ್ಕೆ ರಾಜ್ಯದ ಗಡಿಯೂ ಇಲ್ಲ, ಭಾಷೆಯೂ ಇಲ್ಲ.

ಆದರೆ ಉತ್ತರ ಕೇಳುವುದಕ್ಕೆ ಭಾಷೆ ಬೇಕು. ಈ ಸಂಘದ ಕರ್ತವ್ಯ ಪ್ರಾರಂಭವಾಗುವುದು ಇಲ್ಲಿ. ಸಂವಿಧಾನದ 350ನೆಯ ವಿಧಿ, ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಸಲ್ಲಿಸಲು ಪ್ರತಿಯೊಬ್ಬನಿಗೂ ಹಕ್ಕು ಕೊಟ್ಟಿದೆ. ಕಾಸರಗೋಡಿನಲ್ಲಿರಲಿ, ತಾಳವಾಡಿ, ಅಕ್ಕಲಕೋಟೆ, ಆದವಾನಿಗಳಲ್ಲಿರಲಿ, ಕನ್ನಡಿಗನು ಕನ್ನಡದಲ್ಲಿ ಬರೆದ ಮನವಿಯನ್ನು ಯಾವ ಕಚೇರಿಯೂ ಭಾಷೆಯ ನೆಪದಿಂದ ಹಿಂದಿರುಗಿಸುವಂತಿಲ್ಲ. 2005ರ ಮಾಹಿತಿ ಹಕ್ಕಿನ ಕಾನೂನು ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕೆನ್ನುತ್ತದೆ. 2002ರ ಜೀವವೈವಿಧ್ಯ ಕಾನೂನಿನಂತೆ ಪ್ರತಿ ಪಂಚಾಯತಿನಲ್ಲಿಯೂ ಒಂದು ಸಮಿತಿ ಇರಬೇಕು; ಊರಿನ ಗಿಡಮರ ಪ್ರಾಣಿಗಳ ದಾಖಲೆಯನ್ನು ಜನರ ಬಾಯಿಂದ ಕೇಳಿ ಬರೆಯಬೇಕು. ನಮ್ಮ ಪಂಚಾಯತಿನಲ್ಲಿ ಆ ಪುಸ್ತಕ ಎಲ್ಲಿದೆಯೆಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಆದುದರಿಂದ ಸರಕಾರದ ಮುಂದೆ ನನ್ನ ಬೇಡಿಕೆಗಳು ಮೂರು. ಹಟ್ಟಿಯಲ್ಲಿ, ಜೇನುಪೆಟ್ಟಿಗೆಯಲ್ಲಿ, ತೋಡಿನಲ್ಲಿ ವಾಡಿಕೆಗೆ ಮೀರಿದ ಸಾವು ವಿಕಲತೆಗಳು ಕಂಡರೆ ಪಶುವೈದ್ಯರು ಬರೆದಿಟ್ಟುಕೊಂಡು, ಪರೀಕ್ಷಿಸಿ, ದೂರಿತ್ತವನಿಗೆ ಲಿಖಿತ ಉತ್ತರ ಕೊಡುವ ಕಟ್ಟುಪಾಡು ಇರಬೇಕು. ವಿಷಪ್ರಯೋಗದ ಎಚ್ಚರಿಕೆಯು ಅಲ್ಲಿಯ ಜನ ಓದಬಲ್ಲ ಭಾಷೆಯಲ್ಲಿ ಮನೆ ಮನೆಗೆ ತಲುಪಬೇಕು. ತೋಟದ ಯಜಮಾನನೂ ತಪಾಸಣೆಗಾರನೂ ಒಬ್ಬನೇ ಆಗಿರಬಾರದು.

ನಮ್ಮ ಮೇಲೆ ಇರುವ ಕೆಲಸವೂ ಸಣ್ಣದಲ್ಲ. ಕಂಡುದನ್ನು ದಿನಾಂಕ ಹಾಕಿ ಬರೆದಿಡಬೇಕು. ಮನವಿಯ ನಕಲನ್ನು ಕಾದಿರಿಸಬೇಕು. ಉತ್ತರ ಬಾರದಿದ್ದರೆ ಮತ್ತೆ ಬರೆಯಬೇಕು. ಕನ್ನಡ ಶಾಲೆಯ ಮಕ್ಕಳಿಗೆ ಪತ್ರಲೇಖನದ ಪಾಠದಲ್ಲಿ ರಜೆಯ ಅರ್ಜಿಯ ಜತೆಗೆ ಇಂತಹ ಮನವಿಯೊಂದನ್ನು ಬರೆಯಲು ಕಲಿಸಿದರೆ, ನಾವು ಭಾಷೆಗೂ ನೆಲಕ್ಕೂ ಒಟ್ಟಿಗೆ ಸೇವೆ ಸಲ್ಲಿಸಿದಂತಾಗುವುದು. ಹಸು ಅರ್ಜಿ ಬರೆಯಲಾರದು. ಜೇನ್ನೊಣ ನ್ಯಾಯಾಲಯದ ಮೆಟ್ಟಿಲೇರಲಾರದು. ಅವುಗಳ ಪರವಾಗಿ ಬರೆಯಲು ನಮಗೆ ಅಕ್ಷರವಿದೆ.